ಮೂಕಪ್ರಾಣಿಯ ಋಣ

ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ ಕೂಸೊಂದು ಜನಿಸುತ್ತದೆ. 24 ಗಂಟೆಗಳು ಕಳೆಯುವುದರೊಳಗೆ ಅದರ ತೊಡೆಗೆ ಹೆಪಟೈಟಿಸ್ ‘ಬಿ’ ಲಸಿಕೆಯನ್ನು ಹಾಕತಕ್ಕದ್ದೆಂಬ ಕ್ರಮವುಂಟು. ಭಕ್ತರ ಮನೆಯ ಶಿಶುವಾದರೆ ಅದಕ್ಕೆ ಲಿಂಗಧಾರಣೆಯಾಗುವುದಕ್ಕೂ ಮೊದಲೇ ಈ ರಕ್ಷೆ ದೊರೆತಿರುತ್ತದೆ. ಅಜ್ಜಿಯು ಶಿವನನ್ನು ನೆನೆದು ಹಣೆಗೆ ವಿಭೂತಿಯನ್ನಿಡುತ್ತಾಳೆ, ವೈದ್ಯರಿಗೂ ಕೈಮುಗಿಯುತ್ತಾಳೆ. ಆದರೆ ಆ ಸೂಜಿಮೊನೆಯ ಹಿಂದೆ ಮತ್ತೊಂದು ಜೀವದ ಋಣವಿರುವುದನ್ನು ಆಕೆಗೆ ಹೇಳುವವರು ಯಾರು?

ಯಕೃತ್ತನ್ನು ಕೆಡಿಸುವ ಆ ರೋಗಕ್ಕೆ ಲಸಿಕೆಯನ್ನು ಹುಡುಕುತ್ತಿದ್ದ ಕಾಲದಲ್ಲಿ, ಮನುಷ್ಯರಿಗೆ ಕೊಡುವ ಮೊದಲು ಅದನ್ನು ಚಿಂಪಾಂಜಿಗಳ ಮೇಲೆ ಪರೀಕ್ಷಿಸಿದರು. ಮಾನವನಿಗೆ ಅತಿ ಹತ್ತಿರದ ಪ್ರಾಣಿಯಾಗಿರುವುದೇ ಅವುಗಳ ಪಾಲಿಗೆ ಕಂಟಕವಾಯಿತು. ನ್ಯೂಯಾರ್ಕ್ ಬ್ಲಡ್ ಸೆಂಟರ್ ಎಂಬ ಸಂಸ್ಥೆಯು ಆಫ್ರಿಕಾದ ಲೈಬೀರಿಯಾ ದೇಶದಲ್ಲಿ 1974ರಲ್ಲಿ ಇಂತಹ ಪ್ರಯೋಗಶಾಲೆಯೊಂದನ್ನು ತೆರೆಯಿತು. ಪ್ರಯೋಗಗಳು ಮುಗಿದ ಮೇಲೆ ಚಿಂಪಾಂಜಿಗಳನ್ನು ನದೀಮುಖದ ಕೆಲವು ದ್ವೀಪಗಳಲ್ಲಿ ಬಿಟ್ಟರು. ಅಲ್ಲಿ ಕುಡಿಯುವುದಕ್ಕೆ ಸಿಹಿನೀರಿಲ್ಲ. ಹೊಟ್ಟೆ ತುಂಬುವಷ್ಟು ಹಣ್ಣುಹಂಪಲುಗಳೂ ಇಲ್ಲ. ಮನುಷ್ಯನು ದೋಣಿಯಲ್ಲಿ ಹೊತ್ತು ತಂದರೆ ಮಾತ್ರವೇ ಅನ್ನ.

2015ರಲ್ಲಿ ಸಂಸ್ಥೆಯು ಹಣವನ್ನು ನಿಲ್ಲಿಸಿತು. ಆಗ ಅಲ್ಲಿ 60ಕ್ಕೂ ಮೇಲ್ಪಟ್ಟು ಚಿಂಪಾಂಜಿಗಳಿದ್ದವು. ದೇಶವು ಎಬೋಲಾ ಮಾರಿಯಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಹೊತ್ತು ಅದು. ಆದರೂ ಬಡವರಾದ ಆ ಊರಿನ ಪಾಲಕರು ದೋಣಿಯನ್ನು ದಡಕ್ಕೆ ಕಟ್ಟಿ ಮನೆಗೆ ಹೋಗಲಿಲ್ಲ. ತಮಗೆ ದೊರೆತಷ್ಟನ್ನೇ ಹೊತ್ತು ದ್ವೀಪಕ್ಕೆ ಹೋಗುತ್ತಲೇ ಇದ್ದರು. ಬಳಿಕ ಹೊರಗಿನವರು ನೆರವಿಗೆ ಬಂದರು. 2017ರಲ್ಲಿ ಸಂಸ್ಥೆಯೂ 60 ಲಕ್ಷ ಡಾಲರುಗಳನ್ನು ಕೊಡಲೊಪ್ಪಿತು. ಆದರೆ ನೆರವು ಬರುವ ಮುನ್ನಿನ ಆ ದಿನಗಳ ಲೆಕ್ಕವನ್ನು ಯಾವ ಡಾಲರಿನಲ್ಲಿ ಬರೆಯುವುದು?

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಭಕ್ತರು ಬಲ್ಲರು. ಕೊಟ್ಟೆನೆಂಬ ನೆನಪು ಉಳಿದರೆ ಅದು ದಾನ. ಪಡೆಯುವವನೇ ದೊಡ್ಡವನು, ನೀಡುವವನು ಅವನ ಆಳು ಎಂದು ತಿಳಿದು ಮಾಡಿದರೆ ದಾಸೋಹ. ಮನುಷ್ಯರಿಗೆ ನೀಡಿದಾಗ ಒಂದು ನಮಸ್ಕಾರವಾದರೂ ಮರಳಿ ಬರುತ್ತದೆ. ಅದರ ಆಸೆಯೂ ಒಳಗೊಳಗೇ ಇರುತ್ತದೆ. ಮನುಷ್ಯನ ಕೈಯಿಂದಲೇ ನೊಂದು, ಆ ಕೈ ಕಂಡರೆ ಹಲ್ಲು ಕಿರಿಯುವ ಪ್ರಾಣಿಗೆ ಉಣಬಡಿಸುವವನಿಗೆ ಆ ಆಸೆಗೂ ಎಡೆಯಿಲ್ಲ.

ಇದು ಕಡಲಾಚೆಯ ಮಾತೆಂದು ತಳ್ಳುವಂತಿಲ್ಲ. ಬೆಂಗಳೂರಿನ ಔಷಧ ಪ್ರಯೋಗಶಾಲೆಗಳಲ್ಲಿಯೂ ಬೀಗಲ್ ಎಂಬ ಜಾತಿಯ ನಾಯಿಗಳನ್ನು ಬಳಸಿದ್ದುಂಟು. ಆ ನಾಯಿ ಸಾಧು ಸ್ವಭಾವದ್ದು, ನೋಯಿಸಿದವನನ್ನೂ ಬೇಗ ಕ್ಷಮಿಸುವಂಥದು. ಆ ಗುಣಕ್ಕಾಗಿಯೇ ಅದನ್ನು ಆರಿಸಿದರೆಂದು ಕೇಳಿದಾಗ ತಲೆ ತಗ್ಗುತ್ತದೆ. ಪ್ರಯೋಗವಾದ ಮೇಲೆ ಪ್ರಾಣಿಗಳ ಆರೈಕೆಯೂ ಪುನರ್ವಸತಿಯೂ ಪ್ರಯೋಗ ನಡೆಸಿದವರ ಹೊಣೆಯೆಂದು ನಮ್ಮ ದೇಶದ ನಿಯಮ ಹೇಳುತ್ತದೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ, ಇದೇ ನಗರದಲ್ಲಿ ಸ್ಥಾಪಿಸಿದ ಕ್ಯೂಪಾ ಎಂಬ ಸಂಸ್ಥೆಯು ಇಂತಹ ನೂರಾರು ಬೀಗಲ್‌ಗಳನ್ನು ಬಿಡಿಸಿ ಗೃಹಸ್ಥರ ಮನೆಗಳಿಗೆ ಸೇರಿಸಿದೆ.

ಹಲಸೂರಿನ ಒಂದು ಭಕ್ತರ ಮನೆಗೆ ಅಂಥದೊಂದು ನಾಯಿ ಬಂದಿತೆಂದು ಭಾವಿಸೋಣ. ಅದರ ಕಿವಿಯೊಳಗೆ ಹಚ್ಚೆಯ ಸಂಖ್ಯೆಯುಂಟು, ಹೆಸರಿಲ್ಲ. ಹುಲ್ಲನ್ನು ಮೆಟ್ಟಿ ಅರಿಯದು, ಮೆಟ್ಟಿಲೇರಲು ತಿಳಿಯದು, ಕುಕ್ಕರಿನ ಸದ್ದಿಗೆ ಮಂಚದಡಿ ನುಗ್ಗುವುದು. ಹೊರಗೆ ಹೋಗಬೇಕೆಂಬುದೂ ತಿಳಿಯದೆ ನಡುಮನೆಯಲ್ಲಿಯೇ ಹೊಲಸು ಮಾಡುವುದು. ಪೂಜೆಯ ಮನೆ, ಮೈಲಿಗೆಯಲ್ಲವೇ ಎಂದು ಹಿರಿಯರು ಮುಖ ಸಿಂಡರಿಸಬಹುದು. ಪಂಚಸೂತಕಗಳನ್ನು ಕಳೆದವರ ಮನೆತನಕ್ಕೆ ನಾಯಿಯ ಕಾಲ್ಗುರುತು ಹೊಸ ಸೂತಕವಾಗಬೇಕೇ? ಕಸಗುಡಿಸುವ ಕಾಯಕದಲ್ಲಿದ್ದ ಸತ್ಯಕ್ಕನನ್ನು ಶರಣರು ತಮ್ಮ ಸಾಲಿನಲ್ಲಿಯೇ ಕೂಡಿಸಿದರು. ನೆಲವನ್ನು ನಾಲ್ಕನೆಯ ಬಾರಿ ಒರೆಸುವ ಮನೆಯ ಸೊಸೆಯ ಕೈಯೂ ಅದೇ ಕಾಯಕದ್ದು.

ಮನುಷ್ಯರೇ ಹಸಿದಿರುವಾಗ ನಾಯಿಗೇಕೆ ಇಷ್ಟು ಉಪಚಾರ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಹೀಗೆ ಕೇಳುವವರಲ್ಲಿ ಹಸಿದ ಮನುಷ್ಯನಿಗೆ ಬಡಿಸುವವರು ಕಡಮೆ ಎಂಬುದನ್ನೂ ಹೇಳದೆ ವಿಧಿಯಿಲ್ಲ. ಅದಲ್ಲದೆ ಇಲ್ಲಿಯದು ಉಪಚಾರವಲ್ಲ, ಸಾಲದ ಮರುಪಾವತಿ. ಮಾತ್ರೆ ನುಂಗಿದವರೆಲ್ಲರೂ ಆ ಸಾಲದಲ್ಲಿ ಪಾಲುದಾರರು. ತೀರಿಸುತ್ತಿರುವವರು ಮಾತ್ರ ಕೆಲವರು.

ಇಂತಹ ಮನೆಗಳಲ್ಲಿ ವಾರಗಳು ಕಳೆದರೂ ನಾಯಿ ಮೂಲೆ ಬಿಟ್ಟು ಬಾರದಿರುವುದುಂಟು. ಮನೆಯವರು ಬಟ್ಟಲನ್ನಿಟ್ಟು ದೂರ ಸರಿಯುತ್ತಾರೆ. ಅದು ಉಂಡ ಮೇಲೆ ಬಟ್ಟಲು ತೊಳೆಯುತ್ತಾರೆ. ಮರುದಿನ ಬಟ್ಟಲನ್ನು ಒಂದು ಗೇಣು ಹತ್ತಿರ ಇಡುತ್ತಾರೆ.