ಕಾಣದ ನೋವು

ಹೊಗೆಸೊಪ್ಪನ್ನು ಬೇಯಿಸುವ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬ್ಯಾರನ್ನಿನ ಉರಿ ಹಗಲಿರುಳೂ ಆರದು. ಅದನ್ನು ಕಾದು, ನಿದ್ದೆಗೆಟ್ಟು, ಹೊತ್ತುಮೀರಿ ಉಂಡ ಗೃಹಿಣಿಗೆ ಅರೆತಲೆನೋವು ಎದ್ದರೆ ಅದನ್ನು ನೆಪವೆನ್ನುವವರುಂಟು. ನಿದ್ರಾಭಂಗ, ಉಪವಾಸ, ತೀಕ್ಷ್ಣಗಂಧ, ಪ್ರಖರವಾದ ಬೆಳಕು ಇವು ನೋವನ್ನು ಕೆರಳಿಸತಕ್ಕವು. ಮೂಲವಾದರೋ ಬಹುಮಟ್ಟಿಗೆ ವಂಶಾನುಗತವಾದ ಮಿದುಳಿನ ಪ್ರಕೃತಿ. ಚರಕಸಂಹಿತೆಯು ಇದನ್ನು ಅರ್ಧಾವಭೇದಕವೆಂದು ಕರೆದು, ಆಯಾಸ, ವೇಗಧಾರಣಗಳನ್ನು ಅದರ ನಿದಾನದಲ್ಲಿ ಎಣಿಸಿದೆ. 2015ರಲ್ಲಿ ಪ್ರಕಟವಾದ ಕರ್ನಾಟಕದ ಸಮೀಕ್ಷೆಯೊಂದರಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಮಂದಿ ವರ್ಷದೊಳಗೆ ಇದನ್ನು ಅನುಭವಿಸಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು. ಈ ನೋವಿಗೆ ನೊಂದವರ ಮಾತೊಂದೇ ಸಾಕ್ಷಿ. ಅದನ್ನು ನಂಬದಿರುವುದು ಪ್ರಮಾಣದ ಅಭಾವದಿಂದಲೋ, ಅಥವಾ ನಂಬಿದರೆ ಆಕೆಯ ಕೆಲಸ ತಮ್ಮ ಪಾಲಿಗೆ ಬಂದೀತೆಂಬ ಅಳುಕಿನಿಂದಲೋ? ಉರಿಯ ಕಾವಲನ್ನು ಆ ರಾತ್ರಿ ಮತ್ತೊಬ್ಬರು ವಹಿಸಿಕೊಂಡರೆ ಆಕೆ ಕತ್ತಲ ಕೋಣೆಯಲ್ಲಿ ಮಲಗಬಹುದು.