150 ರೂಪಾಯಿ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಎರಡೇ: ನಮ್ಮದು, ಮೂರನೇ ಮಹಡಿಯ ಧಾರವಾಡದ ಅಕ್ಕನದು. 2023ರಲ್ಲಿ ನನ್ನ ವಾಟ್ಸಾಪಿಗೆ ಒಂದು ಕೆಲಸ ಬಂತು. ಮನೆಯಲ್ಲೇ ಕೂತು ಯೂಟ್ಯೂಬ್ ವಿಡಿಯೋಗಳಿಗೆ ಲೈಕ್ ಒತ್ತಬೇಕು, ಅಷ್ಟೆ. ಮೂರು ವಿಡಿಯೋಗೆ 150 ರೂಪಾಯಿ ನಿಜವಾಗಿಯೂ ಖಾತೆಗೆ ಬಿತ್ತು! ಅಂದೇ ಅಕ್ಕನಿಗೂ ಆ ಮೆಸೇಜು ಕಳಿಸಿದೆ.

ಮರುದಿನ ಟೆಲಿಗ್ರಾಂ ಗುಂಪಿಗೆ ಸೇರಿಸಿ, ದೊಡ್ಡ 'ಟಾಸ್ಕ್' ಬೇಕಾದರೆ ಮೊದಲು 5,000 ಕಟ್ಟಿ ಅಂದರು. ಕೆಲಸ ಕೊಡುವವನು ಕೂಲಿ ಕೊಡಬೇಕೇ ಹೊರತು ಕೇಳುವುದುಂಟೆ? ಸುಮ್ಮನೆ ಹೊರಬಂದೆ. ಸುಮ್ಮನಿದ್ದದ್ದೇ ತಪ್ಪಾಯಿತು. ಇಷ್ಟು ಓದಿದವಳು ಇಂಥದಕ್ಕೆ ಬಿದ್ದಳಲ್ಲ ಅಂದುಕೊಂಡಾರು ಎಂಬ ನಾಚಿಕೆಗೆ ಅಕ್ಕನಿಗೆ ಹೇಳಲಿಲ್ಲ.

ಅವರು 5,000 ಕಟ್ಟಿದರು, 6,500 ವಾಪಸ್ ಬಂತು. ಆಮೇಲೆ 40,000. ಅದು ಪರದೆಯ ಮೇಲೆ ಬೆಳೆಯಿತು, ಕೈಗೆ ಬರಲಿಲ್ಲ. ಬಿಡಿಸಿಕೊಳ್ಳಲು 'ಟ್ಯಾಕ್ಸ್' ಕಟ್ಟಬೇಕಂತೆ! 1930ಕ್ಕೆ ಫೋನ್ ಮಾಡುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಕೂಡಲೇ ಮಾಡಿದ್ದರೆ ಬ್ಯಾಂಕಿನಲ್ಲಿ ಹಣ ತಡೆಹಿಡಿಯಬಹುದಿತ್ತೇನೋ.

ಆಸೆಬುರುಕಿ ಎಂದು ಮನೆಯವರು ಬೈದರು. ಆಸೆಯೇ? ಅಕ್ಕ ನಂಬಿದ್ದು ಟೆಲಿಗ್ರಾಂನವರನ್ನಲ್ಲ, ಪರವೂರಲ್ಲಿ ಕನ್ನಡ ಮಾತಾಡಿದ ನನ್ನನ್ನು. ಮೋಸ ಮಾಡಿದವನ ಪಾಪದಲ್ಲಿ ನನ್ನ ಪಾಲೆಷ್ಟು?

"ನಿನಗರ ಎಲ್ಲಿ ಗೊತ್ತಿತ್ತು, ಬಿಡವಾ" ಅನ್ನುತ್ತಾರೆ ಅಕ್ಕ. ಗೊತ್ತಿತ್ತು ಎಂದು ನಾನಿನ್ನೂ ಹೇಳಿಲ್ಲ.