ಪಗಾರ ಎಷ್ಟು?

ನಮ್ಮ ಕಡೆ ಮದುವೆಯ ಮಾತುಕತೆಗೆ ಹಿರಿಯರು ಕೂಡಿದಾಗ ಸಲಾಮ್ ಆಗಿ, ಚಹಾ ಕುಡಿದು, ಮಳೆಬೆಳೆಯ ಮಾತು ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ: “ಹುಡುಗಗ ಪಗಾರ ಎಷ್ಟೈತ್ರಿ?” ನಮಾಝಿನ ಬಗ್ಗೆ, ನಡತೆಯ ಬಗ್ಗೆ ವಿಚಾರಿಸುವವರು ಇಲ್ಲವೆಂದಲ್ಲ. ಆದರೆ ಆ ಪ್ರಶ್ನೆಗಳ ಸರದಿ ಬರುವುದು ಪಗಾರದ ಅಂಕಿ ಒಪ್ಪಿಗೆಯಾದ ಬಳಿಕ.

ಕೆಲವು ವರ್ಷಗಳ ಹಿಂದೆ ಬಿಜ್ಜರಗಿಯ ಒಂದು ಮನೆಯಲ್ಲಿ ಇಂತಹ ಮಾತುಕತೆಗೆ ನಾನೂ ಕುಳಿತಿದ್ದೆ. ಹೆಣ್ಣಿಗೆ ಎರಡು ಕಡೆಯಿಂದ ಕೇಳಿಕೆ ಬಂದಿತ್ತು. ಒಬ್ಬ ಹುಡುಗ ವಿಜಯಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಪಗಾರ ಹದಿನೆಂಟು ಸಾವಿರ, ವಾಸ ತಂದೆಯ ಮನೆಯಲ್ಲಿ. ಇನ್ನೊಬ್ಬ ಬೆಂಗಳೂರಿನಲ್ಲಿ ಕಂಪೆನಿ ಕೆಲಸದವನು, ಪಗಾರ ಮೂವತ್ತೈದು ಸಾವಿರ. ಹುಡುಗಿಯ ತಂದೆ ಹೆಚ್ಚು ಯೋಚಿಸಲಿಲ್ಲ. “ಹದಿನೆಂಟರಾಗ ಏನ್ ಆಗ್ತೈತಿ?” ಎಂದರು. ಅಲ್ಲಿದ್ದ ನಾವೆಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಧರ್ಮನಿಷ್ಠೆ ಮತ್ತು ನಡತೆ ಒಪ್ಪಿಗೆಯಾಗುವ ವರ ಬಂದರೆ ಮದುವೆ ಮಾಡಿಕೊಡಬೇಕು, ಇಲ್ಲವಾದರೆ ಭೂಮಿಯಲ್ಲಿ ಕ್ಷೋಭೆ ಹರಡುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ತಿರ್ಮಿದಿಯಲ್ಲಿದೆ. ಆ ದಿನ ಆ ಹದೀಸ್ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ವರ್ಷವೆರಡಾದ ಮೇಲೆ ಬೆಂಗಳೂರಿನ ಆ ಹುಡುಗ ಈದ್‌ಗೆ ಊರಿಗೆ ಬಂದಾಗ ನನ್ನ ಬಳಿ ಕುಳಿತು ಮಾತನಾಡಿದ. “ಚಾಚಾ, ಊರಾಗ ನನ್ನ ಪಗಾರ ದೊಡ್ಡದೈತಿ. ಬೆಂಗಳೂರಾಗ ಅದು ಸಣ್ಣದೈತಿ” ಎಂದ. ಒಂದು ಕೋಣೆ, ಒಂದು ಅಡಿಗೆಮನೆಗೆ ಹನ್ನೆರಡು ಸಾವಿರ ಬಾಡಿಗೆ. ಕೆಲಸಕ್ಕೆ ಹೋಗಿ ಬರುವ ಖರ್ಚು, ಗ್ಯಾಸು, ಹಾಲು, ಮಗುವಿನ ಔಷಧಿ ಎಲ್ಲವೂ ಬೇರೆ. ಊರಿನಲ್ಲಿ ತಾಯಿಗೆ ತಿಂಗಳಿಗೆ ಹತ್ತು ಸಾವಿರ ಕಳಿಸಲೇಬೇಕು. ಏಕೆಂದರೆ ಅಷ್ಟು ಪಗಾರದವನು ಕಡಿಮೆ ಕಳಿಸಿದರೆ ಜನ ಏನೆಂದಾರು? ಹಿಂದಿನ ಈದ್‌ಗೆ ಕೈ ಖಾಲಿಯಿತ್ತಂತೆ. ಕ್ರೆಡಿಟ್ ಕಾರ್ಡಿನಿಂದ ತೆಗೆದು ಎಲ್ಲರಿಗೂ ಬಟ್ಟೆ ತಂದಿದ್ದನಂತೆ. ಅದರ ಬಡ್ಡಿ ಇನ್ನೂ ಹರಿದಿಲ್ಲ.

ಸಹೋದರರೇ, ಸಹೋದರಿಯರೇ, ಸ್ವಲ್ಪ ನಿಂತು ಯೋಚಿಸಿರಿ. ಬಡ್ಡಿ ತಿನ್ನುವವನನ್ನೂ ಕೊಡುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಹುಡುಗ ಕುಡಿತಕ್ಕಾಗಿಯೋ ಜೂಜಿಗಾಗಿಯೋ ಸಾಲ ಮಾಡಲಿಲ್ಲ. ನಮ್ಮ ಬಾಯಲ್ಲಿದ್ದ ಒಂದು ಅಂಕಿಯ ಮರ್ಯಾದೆ ಉಳಿಸಲು ಸಾಲ ಮಾಡಿದ. ಅವನ ತಪ್ಪು ಅವನದೇ, ನಿಜ. ಆದರೆ ಆ ಚಾಪೆಯ ಮೇಲೆ ಕುಳಿತು ತಲೆಯಾಡಿಸಿದ ನಮಗೆ ಅದರಲ್ಲಿ ಪಾಲಿಲ್ಲವೇ?

ಒಂದೇ ದುಡಿಮೆಗೆ ಊರಿಗೊಂದು ಬೆಲೆ. ಬಿಜ್ಜರಗಿಯಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಅಲ್ಲಿಯೂ ಕನ್ನಡ ಮಾತನಾಡುವವರು ಬಹಳ ಜನರಿದ್ದಾರೆ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೇ ಸಾಲಿಗೆ ಕೇಂದ್ರ ಸರಕಾರವು ಕರ್ನಾಟಕಕ್ಕೆ ದಿನಕ್ಕೆ 370 ರೂಪಾಯಿ, ಮಹಾರಾಷ್ಟ್ರಕ್ಕೆ 312 ರೂಪಾಯಿ ಕೂಲಿ ನಿಗದಿ ಮಾಡಿತ್ತು. ನಮ್ಮ ಜನ ದುಡಿಯಲು ಹೋಗುವ ಗೋವಾಕ್ಕೆ 378, ದೂರದ ಹರಿಯಾಣಕ್ಕೆ 400. ಅದೇ ಸಲಿಕೆ, ಅದೇ ಬುಟ್ಟಿ, ಅದೇ ಬಿಸಿಲು. ಹಾಗಾದರೆ ಜತ್ತದವನು ಕೀಳು, ಹರಿಯಾಣದವನು ಮೇಲು ಎನ್ನೋಣವೇ?

ನೌಕರರ ವಿಷಯದಲ್ಲಿಯೂ ಹೀಗೆಯೇ. ಕೇಂದ್ರ ಸರಕಾರದ ನೌಕರರಿಗೆ ಮನೆ ಬಾಡಿಗೆ ಭತ್ಯೆಯನ್ನು ಊರು ನೋಡಿ ಕೊಡಲಾಗುತ್ತದೆ. 2024ರ ಜನವರಿಯಿಂದ ಬೆಂಗಳೂರಿನಂತಹ ಮಹಾನಗರಕ್ಕೆ ಮೂಲ ವೇತನದ ಶೇಕಡಾ 30, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳಿಗೆ ಶೇಕಡಾ 20, ನಮ್ಮ ವಿಜಯಪುರಕ್ಕೆ ಶೇಕಡಾ 10. ಒಂದೇ ಹುದ್ದೆಯ ಗುಮಾಸ್ತ ಬೆಂಗಳೂರಿನಿಂದ ವಿಜಯಪುರಕ್ಕೆ ವರ್ಗವಾಗಿ ಬಂದರೆ ಅವನ ಕೈಗೆ ಬರುವ ಹಣ ಇಳಿಯುತ್ತದೆ, ಅವನ ಯೋಗ್ಯತೆ ಇಳಿಯುವುದಿಲ್ಲ. ಸರಕಾರದ ಕಡತಕ್ಕೆ ಗೊತ್ತಿರುವ ಈ ಸಂಗತಿ ನಮ್ಮ ಹಿರಿಯರ ಬೈಠಕ್ಕಿಗೆ ಗೊತ್ತಿಲ್ಲ!

ಕೊಲ್ಲಿ ದೇಶಗಳ ಲೆಕ್ಕ ಇನ್ನೂ ವಿಚಿತ್ರ. ದುಬೈಯ ದಿರ್ಹಮ್ 1997ರಿಂದ ಡಾಲರಿಗೆ ಗಂಟು ಹಾಕಿಕೊಂಡಿದೆ, ನಮ್ಮ ರೂಪಾಯಿ ಹಾಗಿಲ್ಲ. 1998ರಲ್ಲಿ ಒಂದು ದಿರ್ಹಮ್‌ಗೆ ಸುಮಾರು 11 ರೂಪಾಯಿ ಇತ್ತು, 2024ರಲ್ಲಿ ಸುಮಾರು 23 ಆಯಿತು. ಸಾವಿರ ದಿರ್ಹಮ್ ಪಡೆಯುತ್ತಿದ್ದವನ ಪಗಾರ ಒಂದು ದಿರ್ಹಮ್ ಏರದೆಯೂ ಊರಿನವರ ಕಣ್ಣಿಗೆ ಹನ್ನೊಂದು ಸಾವಿರದಿಂದ ಇಪ್ಪತ್ತಮೂರು ಸಾವಿರವಾಯಿತು. ಅಲ್ಲಿ ಅವನ ರೊಟ್ಟಿಯ ಬೆಲೆ, ಮಲಗುವ ಜಾಗದ ಬಾಡಿಗೆ ಏರುತ್ತ ಹೋದವು. ಊರಿನಲ್ಲಿ ತಂಗಿಯ ಮದುವೆಗೆ ಅವನಿಂದ ಮಾಡುವ ನಿರೀಕ್ಷೆಯೂ ಏರುತ್ತ ಹೋಯಿತು. ಎರಡರ ನಡುವೆ ಅರೆದುಹೋದವನು ಆ ಒಬ್ಬನೇ.

ಹಾಗಾದರೆ ಒಳ್ಳೆಯ ಪಗಾರ ಯಾವುದು? ಇದಕ್ಕೆ ನಮ್ಮ ಧರ್ಮದಲ್ಲಿ ಅಳತೆ ಇದೆ, ಅದು ಅಂಕಿಯಲ್ಲಿಲ್ಲ. ಸಾರ್ವಜನಿಕ ಕೆಲಸಕ್ಕೆ ನೇಮಕವಾದವನಿಗೆ ಪತ್ನಿ ಇಲ್ಲದಿದ್ದರೆ ಮದುವೆಯಾಗಲು, ಸೇವಕನಿಲ್ಲದಿದ್ದರೆ ಸೇವಕನನ್ನು ಇರಿಸಿಕೊಳ್ಳಲು, ಮನೆಯಿಲ್ಲದಿದ್ದರೆ ಮನೆ ಮಾಡಿಕೊಳ್ಳಲು ಅವಕಾಶವಿದೆ ಎಂಬ ಅರ್ಥದ ಪ್ರವಾದಿ ವಚನ ಅಬೂದಾವೂದ್‌ನಲ್ಲಿ ವರದಿಯಾಗಿದೆ. ಅದಕ್ಕೆ ಮೀರಿ ತೆಗೆದುಕೊಂಡರೆ ಅದು ವಂಚನೆ ಎಂದೂ ಅಲ್ಲಿಯೇ ಇದೆ. ಎಷ್ಟು ದಿರ್ಹಮ್, ಎಷ್ಟು ದೀನಾರ್ ಎಂದು ಹೇಳಿಲ್ಲವೆಂಬುದನ್ನು ಗಮನಿಸಿರಿ. ಮದೀನದಲ್ಲಿ ಮನೆಗೆ ಬೇಕಾಗುವಷ್ಟು ಯಮನಿನಲ್ಲಿ ಬೇಕಾಗದಿರಬಹುದು. ಆದರೆ ಮನೆ ಎರಡು ಕಡೆಯೂ ಬೇಕು.

ಹಝ್ರತ್ ಅಬೂಬಕರ್(ರ) ಖಲೀಫರಾದ ಮರುದಿನ ಬಟ್ಟೆಯ ಗಂಟನ್ನು ಹೆಗಲಿಗೇರಿಸಿಕೊಂಡು ಎಂದಿನಂತೆ ಪೇಟೆಗೆ ಹೊರಟ ಘಟನೆ ಎಲ್ಲರಿಗೂ ತಿಳಿದಿದೆ. ಹಝ್ರತ್ ಉಮರ್(ರ) ಅವರನ್ನು ತಡೆದು ಅಬೂ ಉಬೈದಃ(ರ) ಬಳಿಗೆ ಕರೆದೊಯ್ದರು. ಅಲ್ಲಿ ಗೊತ್ತುಪಡಿಸಿದ ವೇತನವೇನು? ಮದೀನದ ಸಾಧಾರಣ ಮುಹಾಜಿರನೊಬ್ಬನ ಮನೆಯ ಆಹಾರ, ಚಳಿಗಾಲಕ್ಕೊಂದು ಬೇಸಗೆಗೊಂದು ಉಡುಪು. ಅತಿ ಶ್ರೀಮಂತನ ಮಟ್ಟದ್ದೂ ಅಲ್ಲ, ಅತಿ ಬಡವನ ಮಟ್ಟದ್ದೂ ಅಲ್ಲ. ಅವರು ಬಾಳುತ್ತಿದ್ದ ಊರಿನ ನಡುಮಟ್ಟವನ್ನು ನೋಡಿ ಅಳೆದರು. ರೋಮಿನ ದೊರೆಗೆ ಎಷ್ಟು ಸಿಗುತ್ತದೆಂದು ಯಾರೂ ವಿಚಾರಿಸಲಿಲ್ಲ.

ಈ ಅಳತೆಯಿಂದ ನೋಡಿದರೆ ವಿಜಯಪುರದ ಆ ಲೆಕ್ಕಿಗ ಹುಡುಗನ ಸ್ಥಿತಿ ಬೇರೆಯಾಗಿ ಕಾಣುತ್ತದೆ. ತಲೆಯ ಮೇಲೆ ಸೂರಿದೆ, ತಂದೆತಾಯಿಯ ಸೇವೆ ಕೈಯಲ್ಲಿದೆ, ಜಮಾಅತ್‌ಗೆ ಮಸೀದಿ ಹತ್ತಿರವಿದೆ, ತಿಂಗಳ ಕೊನೆಗೆ ಸಾಲವಿಲ್ಲ. ತನ್ನವರ ನಡುವೆ ನಿರ್ಭಯನಾಗಿ, ದೇಹಾರೋಗ್ಯದೊಂದಿಗೆ, ಆ ದಿನದ ಅನ್ನವಿದ್ದು ಬೆಳಗು ಕಂಡವನಿಗೆ ಇಡೀ ಲೋಕವೇ ದೊರೆತಂತೆ ಎಂಬ ಅರ್ಥದ ಪ್ರವಾದಿ ವಚನವನ್ನು ನಾವು ಎಷ್ಟು ಸಲ ಕೇಳಿಲ್ಲ! ಬೆಂಗಳೂರಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹವನ್ನು ಅರಸಿರೆಂದು ಕುರ್‌ಆನ್ ತಾನೇ ಕರೆ ಕೊಟ್ಟಿದೆ. ಹೋದವನನ್ನು ಅವನಿರುವ ಊರಿನ ಲೆಕ್ಕದಲ್ಲಿ ನೋಡಿರಿ, ಇದ್ದವನನ್ನು ಇಲ್ಲಿನ ಲೆಕ್ಕದಲ್ಲಿ ನೋಡಿರಿ ಎಂದಷ್ಟೇ ನನ್ನ ಮಾತು.

ಆದರೆ ಈ ಮಾತಿಗೆ ಇನ್ನೊಂದು ಮಗ್ಗಲಿದೆ, ಅದು ಹೆಚ್ಚು ಅಪಾಯದ್ದು. ಊರಿಗೆ ತಕ್ಕ ಪಗಾರವೆಂಬ ಮಾತು ಪಡೆಯುವವನಿಗೆ ಸಮಾಧಾನ. ಅದೇ ಮಾತು ಕೊಡುವವನ ಬಾಯಲ್ಲಿ ಬಂದರೆ ಆಗಾಗ ನೆಪ. ತಿಕೋಟಾ, ಬಾಬಲೇಶ್ವರದ ಕಡೆ ದ್ರಾಕ್ಷಿಯ ಸುಗ್ಗಿಯಲ್ಲಿ ಹೊರಗಿನಿಂದ ಬಂದ ಕೂಲಿಯವರಿಗೆ ಕಡಿಮೆ ಕೊಟ್ಟು, “ಅವರ ಊರಾಗ ಇಷ್ಟೂ ಸಿಗೂದಿಲ್ಲ” ಎನ್ನುವುದನ್ನು ಕೇಳಿದ್ದೇನೆ. ಅವರು ಉಣ್ಣುವುದು ಅವರ ಊರಿನಲ್ಲಿ ಅಲ್ಲ, ನಿಮ್ಮ ಊರಿನಲ್ಲಿ. ಜೋಳ, ಎಣ್ಣೆ ಕೊಳ್ಳುವುದು ನಿಮ್ಮ ಸಂತೆಯಲ್ಲಿ. ಮದ್‌ಯನ್‌ಗೆ ಬಂದ ಮೂಸಾ(ಅ) ಕೈಯಲ್ಲಿ ಏನೂ ಇಲ್ಲದ ಪರದೇಶಿ. ಆದರೂ ಅಲ್ಲಿನ ವೃದ್ಧರು ಎಂಟು ವರ್ಷದ ದುಡಿಮೆಯ ಕರಾರನ್ನು ಸ್ಪಷ್ಟವಾಗಿ ಹೇಳಿ, ಹತ್ತು ಪೂರ್ತಿ ಮಾಡುವುದು ನಿನ್ನ ಇಚ್ಛೆಗೆ ಬಿಟ್ಟದ್ದು, ನಿನಗೆ ಕಷ್ಟ ಕೊಡುವುದು ನನಗೆ ಬೇಡ ಎಂದರೆಂದು ಅಲ್ ಕಸಸ್ ಅಧ್ಯಾಯದಲ್ಲಿದೆ. ಪರದೇಶಿಯ ನಿರುಪಾಯವನ್ನು ಅವರು ಲಾಭವಾಗಿ ಎಣಿಸಲಿಲ್ಲ.

ತೋಟದ ಮಾಲೀಕರನ್ನು ಬೈಯುವುದು ಸುಲಭ. ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಸದಸ್ಯನಾಗಿದ್ದ ಒಂದು ಹಳ್ಳಿಯ ಮಸೀದಿ ಕಮಿಟಿಯಲ್ಲಿ ಪೇಶ್ ಇಮಾಮ್ ಸಾಹೇಬರಿಗೆ ಅನೇಕ ವರ್ಷ ಒಂದೇ ಪಗಾರ ನಡೆದಿತ್ತು. ಅವರು ಉತ್ತರ ಭಾರತದವರು, ಕುಟುಂಬ ಅಲ್ಲಿಯೇ ಇತ್ತು. ಹೆಚ್ಚಿಸುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು, “ಹಳ್ಳ್ಯಾಗ ಅವರಿಗೆ ಖರ್ಚರ ಏನೈತಿ? ಊಟ ಮನಿಮನಿಯಿಂದ ಬರ್ತೈತಿ” ಎನ್ನುತ್ತಿದ್ದರು. ಒಮ್ಮೆ ಹಾಗೆಂದವನು ನಾನೇ. 2025ರ ಮಾರ್ಚ್‌ನಲ್ಲಿ ರಾಜ್ಯದ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಝ್ಝಿನರದನ್ನು 5,000 ರೂಪಾಯಿಗೆ ಏರಿಸುವುದಾಗಿ ಘೋಷಣೆಯಾದಾಗ, ಇನ್ನು ನಾವು ಏರಿಸುವ ಅಗತ್ಯವೇ ಇಲ್ಲ ಎಂಬ ಮಾತೂ ಬಂತು. ಮಗನ ಪಗಾರ ಮೂವತ್ತೈದು ಸಾವಿರವಾದರೆ ಸಾಲದೆನ್ನುವ ನಾವೇ, ಆ ಮಗನಿಗೆ ಕುರ್‌ಆನ್ ಕಲಿಸಿದವರಿಗೆ ಅದರ ಮೂರನೆಯ ಒಂದು ಪಾಲು ಬಹಳವಾಯಿತೆನ್ನುತ್ತಿದ್ದೆವು.

ಬೆಂಗಳೂರಿನ ಆ ಹುಡುಗನ ಮಾತು ಮನಸ್ಸಿನಲ್ಲಿ ಕುಳಿತಿದ್ದುದರಿಂದಲೋ ಏನೋ, ಮುಂದಿನ ಸಭೆಯಲ್ಲಿ ನಾನು ಇಮಾಮ್ ಸಾಹೇಬರನ್ನು ಕರೆಸಲು ಹೇಳಿದೆ. “ಮೌಲಾನಾ, ನಿಮ್ಮ ಮನೆಗೆ ತಿಂಗಳಿಗೆ ಏನೇನು ಬೇಕು?” ಎಂದು ಕೇಳಿದೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಅವರಿಗೆ ಕೇಳಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬೆರಳು ಮಡಚುತ್ತ ಹೇಳಿದರು: ಮನೆಯ ರೇಷನ್ನು, ಇಬ್ಬರು ಹೆಣ್ಣುಮಕ್ಕಳ ಶಾಲೆ, ತಾಯಿಯ ಸಕ್ಕರೆ ಕಾಯಿಲೆಯ ಔಷಧಿ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ರೈಲಿನ ಖರ್ಚು. ಎರಡು ವರ್ಷದಿಂದ ಹೋಗಿಲ್ಲವೆಂದು ಸೇರಿಸಿದರು. ಕಮಿಟಿಯ ಕಾರ್ಯದರ್ಶಿ ಅದನ್ನೆಲ್ಲ ಕಾಗದದ ಮೇಲೆ ಬರೆದು ಕೂಡಿಸಿ ನೋಡಿದರು. ನಾವು ಕೊಡುತ್ತಿದ್ದುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಕಾಗದ ಸಭೆಯಲ್ಲಿದ್ದ ಎಲ್ಲರ ಕೈಯಿಂದ ಕೈಗೆ ಹೋಯಿತು, ಅಸರ್‌ನ ಅದಾನ್ ಆಗುವವರೆಗೂ ಯಾರೂ ಮಾತನಾಡಲಿಲ್ಲ.